58 ಎಂಎಂ ಬಿಲ್ ಪ್ರಿಂಟರ್: ಇಂಗ್ಲಿಷ್‌ಗೆ ಸಲೀಸು, ಕನ್ನಡಕ್ಕೆ ಸ್ವಲ್ಪ ಕೆಲಸ

ಕಲಬುರಗಿಯ ನಮ್ಮ ಕಿರಾಣಿ ಅಂಗಡಿಗೆ ಈ ಥರ್ಮಲ್ (ಬಿಸಿಯಿಂದ ಅಚ್ಚೊತ್ತುವ) ಪ್ರಿಂಟರ್ ತಂದು ಮೂರು ತಿಂಗಳಾಯ್ತು. ಇಂಕ್ ಬೇಕಿಲ್ಲ, ಬಿಲ್ ಬೇಗ ಬರುತ್ತದೆ. ಸಾಲಿಗೆ 32 ಅಕ್ಷರ ಹಿಡಿಯುತ್ತದೆ, ಹಾಗಾಗಿ ಹೆಸರಿಗೆ 16, ತೂಕಕ್ಕೆ 6, ದುಡ್ಡಿಗೆ 10 ಅಂತ ಹಂಚಿ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೆಸರಿಗೆ ಎಲ್‌ಜಸ್ಟ್ (ಎಡಕ್ಕೆ ಹೊಂದಿಸುವ ಆದೇಶ), ದುಡ್ಡಿಗೆ ಆರ್‌ಜಸ್ಟ್ (ಬಲಕ್ಕೆ ಹೊಂದಿಸುವ ಆದೇಶ) ಹಾಕಿದರೆ ಇಂಗ್ಲಿಷ್ ಬಿಲ್ ನೀಟಾಗಿ ಬರುತ್ತದೆ. ಒಂದು ನೆನಪಿಡಿ, ಎಲ್‌ಜಸ್ಟ್ ಖಾಲಿ ಜಾಗ ತುಂಬುತ್ತದೆ ಅಷ್ಟೇ. ಉದ್ದದ ಹೆಸರನ್ನು ಅದು ಕತ್ತರಿಸುವುದಿಲ್ಲ, ಮೊದಲು ನೀವೇ 16ಕ್ಕೆ ಸ್ಲೈಸ್ ಮಾಡಬೇಕು.

ಕಷ್ಟ ಶುರುವಾಗಿದ್ದು ಕನ್ನಡದಲ್ಲಿ. ನಮ್ಮ ಗಿರಾಕಿಗಳಲ್ಲಿ ಜಾಸ್ತಿ ಮಂದಿ ಓದುವುದು ಕನ್ನಡವೇ, ಅವರಿಗೆ ಕನ್ನಡ ಬಿಲ್ ಕೊಡಲೇಬೇಕು ಅಲ್ವಾ? ಪ್ರಿಂಟರ್‌ನಲ್ಲಿ ಕನ್ನಡ ಫಾಂಟ್ ಇಲ್ಲ, ಚಿತ್ರ ಮಾಡಿ ಕಳಿಸಬೇಕು. ಅಲ್ಲೂ ಹಳೇ ಎಣಿಕೆ ನಡೆಯಲಿಲ್ಲ. ‘ತೊಗರಿ ಬೇಳೆ’ ಕಣ್ಣಿಗೆ ಐದು ಅಕ್ಷರ, ನಡುವೆ ಒಂದು ಜಾಗ. ಪೈಥಾನ್ ಮಾತ್ರ 10 ಅನ್ನುತ್ತದೆ, ಯಾಕಂದ್ರೆ ಸ್ವರಚಿಹ್ನೆಗಳನ್ನೂ ಅದು ಬೇರೆಯಾಗಿ ಎಣಿಸುತ್ತದೆ. ‘ಸಕ್ಕರೆ’ಯನ್ನು ಮೂರಕ್ಕೆ ಕತ್ತರಿಸಿದರೆ ಸಿಗುವುದು ‘ಸಕ್’! ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಒಂದು ಊರಿನ ವಿಶೇಷ ಬೆಳೆಗೆ ಕೊಡುವ ಗುರುತು) ಸಿಕ್ಕಿದೆ, ಅಂಥ ಹೆಸರು ನಮ್ಮದೇ ಬಿಲ್‌ನಲ್ಲಿ ಸಾಲು ತಪ್ಪಿ ನಿಂತರೆ ನನಗೆ ನಿಜಕ್ಕೂ ಬೇಜಾರು.

ಕೊನೆಗೆ ಅಕ್ಷರ ಎಣಿಸುವುದನ್ನೇ ಬಿಟ್ಟೆ. ಒಂದು ಸಾಲಿನ ಅಗಲಕ್ಕೆ ಪ್ರಿಂಟರ್ 384 ಚುಕ್ಕೆ ಹಾಕುತ್ತದೆ. ಪ್ರತಿ ಹೆಸರಿನ ಅಗಲವನ್ನು ಚುಕ್ಕೆಯಲ್ಲೇ ಅಳೆದು, ಜಾಸ್ತಿಯಾದರೆ ಒತ್ತು ಮುರಿಯದ ಹಾಗೆ ಪೂರ್ತಿ ಅಕ್ಷರ ತೆಗೆದು, ದುಡ್ಡನ್ನು ಬಲ ಅಂಚಿನಿಂದ ಹಿಂದಕ್ಕೆ ಬರೆಯುತ್ತೇನೆ. ಈಗ ಸಾಲು ಸರಿಯಾಗಿದೆ.

ಐದಕ್ಕೆ ನಾಲ್ಕು ಸ್ಟಾರ್. ಕನ್ನಡ ಫಾಂಟ್ ಒಳಗೇ ಇದ್ದಿದ್ದರೆ ಐದೂ ಕೊಡುತ್ತಿದ್ದೆ.