ಪಿಕಪ್‌ಗೆ ಹೆಚ್ಚುವರಿ ಲೈಟು: ನೇರ ಸ್ವಿಚ್ಚು, ಸಿದ್ಧ ಕಿಟ್ಟು, ಬಿಡಿ ಸಾಮಾನಿನ ರಿಲೇ ವೈರಿಂಗ್

ಪಿಕಪ್ ಗಾಡಿಗೆ ನೂರು ವ್ಯಾಟಿನ ಎರಡು ಹ್ಯಾಲೊಜೆನ್ ಲೈಟು ಹಾಕಿಸುವವರು ಅಂಗಡಿಯ ಸಿದ್ಧ ವೈರಿಂಗ್ ಕಿಟ್ಟನ್ನು ನಂಬದೆ, ಬಿಡಿ ಸಾಮಾನು ತಂದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಕೂಡಿಸಿ, ದಪ್ಪ ತಾಮ್ರದ ವೈರಿನಲ್ಲಿ ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್ಚು) ಮೂಲಕ ವೈರಿಂಗ್ ಮಾಡಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸೇಡಂ ಕಡೆಯ ಹೊಲಗಳಿಂದ ಕಲಬುರಗಿಯ ಗಂಜ್ ಮಾರುಕಟ್ಟೆಗೆ ತೊಗರಿ ಸಾಗಿಸುವ ಎರಡು ಪಿಕಪ್‌ಗಳು ನಮ್ಮ ಮನೆಯಲ್ಲಿವೆ. ರಾಶಿಯ ದಿನಗಳಲ್ಲಿ ಕತ್ತಲಾದ ಮೇಲೂ ಎರೆಹೊಲದ ಗಾಲಿಜಾಡಿನಲ್ಲಿ ಓಡಾಟ ತಪ್ಪುವುದಿಲ್ಲ. ಹೀಗಾಗಿ ಇಲ್ಲಿ ಹೇಳುವ ಮೂರೂ ವಿಧಾನಗಳನ್ನು ಈ ಎರಡು ಗಾಡಿಗಳಲ್ಲೇ ಬಳಸಿ ನೋಡಿದ್ದೇವೆ.

ಹೆಡ್‌ಲೈಟಿನ ವೈರಿನಿಂದ ಕವಲು ತೆಗೆದು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ನೇರವಾಗಿ ಕೊಡುವುದು ಎಲ್ಲಕ್ಕಿಂತ ಅಗ್ಗದ ದಾರಿ. ನಾವು ಕೊಂಡ ಹಳೆಯ ಗಾಡಿ ಅದೇ ಸ್ಥಿತಿಯಲ್ಲಿ ಬಂದಿತ್ತು. ಇನ್ನೂರು ವ್ಯಾಟಿನ ಹೊರೆ ಎಂದರೆ 12 ವೋಲ್ಟಿನಲ್ಲಿ ಸುಮಾರು 17 ಆಂಪಿಯರ್. ಇಷ್ಟು ಕರೆಂಟನ್ನು ಆ ಚಿಕ್ಕ ಸ್ವಿಚ್ಚಾಗಲಿ ಕಂಪನಿಯ ವೈರಾಗಲಿ ಹೊರಲು ಮಾಡಿದ್ದಲ್ಲ. ಬ್ಯಾಟರಿಯಿಂದ ಕ್ಯಾಬಿನ್ನಿಗೆ ಬಂದು ಮತ್ತೆ ಬಂಪರಿಗೆ ಹೋಗುವಷ್ಟರಲ್ಲಿ, ಒಂದು ಚದರ ಮಿಲಿಮೀಟರಿನ ವೈರಿನಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ನಷ್ಟವಾಗುತ್ತದೆ. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜು ಶೇಕಡ 10ರಷ್ಟು ಕುಸಿದರೆ ಬೆಳಕು ಶೇಕಡ 30ರಷ್ಟು ಇಳಿಯುವುದರಿಂದ, ಲೈಟು ದೊಡ್ಡದಿದ್ದರೂ ದಾರಿ ಮಂಕಾಗಿಯೇ ಕಾಣುತ್ತದೆ, ಸ್ವಿಚ್ಚು ಮಾತ್ರ ಬೆರಳಿಗೆ ಸುಡುತ್ತದೆ. ಇದನ್ನು ಯಾರೂ ಮಾಡಿಸಬಾರದು.

ಸಿದ್ಧ ಕಿಟ್ಟಿನ ಯೋಚನೆ ಸರಿಯಾದದ್ದೇ. ಅದರಲ್ಲಿ ರಿಲೇ ಇರುತ್ತದೆ. ಸ್ವಿಚ್ಚಿನಲ್ಲಿ ರಿಲೇ ಕಾಯಿಲಿಗೆ (ಒಳಗಿನ ತಂತಿಸುರುಳಿಗೆ) ಬೇಕಾದ ಅಲ್ಪ ಕರೆಂಟು ಮಾತ್ರ ಹರಿದು, ದೊಡ್ಡ ಹೊರೆ ಬ್ಯಾಟರಿಯಿಂದ ನೇರವಾಗಿ ಲೈಟಿಗೆ ಹೋಗುತ್ತದೆ. ಪ್ಲಗ್ಗುಗಳನ್ನು ಸಿಕ್ಕಿಸಿದರೆ ಕೆಲಸ ಒಂದೇ ಗಂಟೆಯದು. ತೊಂದರೆ ಇರುವುದು ಎಲ್ಲರೂ ರಕ್ಷಣೆಗೆಂದೇ ನಂಬಿಕೊಳ್ಳುವ ಜಾಗದಲ್ಲಿ, ಅಂದರೆ ಫ್ಯೂಸ್ ಹೋಲ್ಡರಿನಲ್ಲಿ.

ನಮ್ಮ ಎರಡನೆಯ ಗಾಡಿಯ ಕಿಟ್ಟಿನಲ್ಲಿ 20 ಆಂಪಿಯರಿನ ಹಳದಿ ಫ್ಯೂಸ್ ಇತ್ತು. ಮೊದಲು ಗಾಲಿ ಕುಣಿಗಳಲ್ಲಿ ಇಳಿದಾಗ ಲೈಟು ಮಿಣುಕುತ್ತಿತ್ತು. ಕೆಲವು ದಿನಗಳಲ್ಲಿ ಬಾನೆಟ್ಟಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ತೆರೆದು ನೋಡಿದರೆ ಹೋಲ್ಡರಿನ ಒಂದು ಬದಿ ಕರಗಿ ಫ್ಯೂಸಿಗೆ ಅಂಟಿಕೊಂಡಿತ್ತು, ಒಳಗಿನ ಪಟ್ಟಿ ಕಪ್ಪಾಗಿತ್ತು, ಆದರೆ ಫ್ಯೂಸಿನ ತಂತಿ ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ. ಫ್ಯೂಸ್ ಹಾರುವುದು ಕರೆಂಟು ಮಿತಿ ಮೀರಿದಾಗ. ಇಲ್ಲಿ ಕರೆಂಟು 17 ಆಂಪಿಯರಿನ ಆಚೆ ಹೋಗಲೇ ಇಲ್ಲ. ಬಿಸಿಯೆಲ್ಲ ಹುಟ್ಟಿದ್ದು ಫ್ಯೂಸಿನ ಕಾಲುಗಳನ್ನು ಸಡಿಲವಾಗಿ ಹಿಡಿದ ತೆಳ್ಳನೆಯ ಪಟ್ಟಿಗಳಲ್ಲಿ. ಅಂಥ ಸಡಿಲ ಕೂಡಿಕೆಯಲ್ಲಿ 0.05 ಓಮ್ ರೋಧವಿದ್ದರೂ ಸಾಕು, 17 ಆಂಪಿಯರಿಗೆ ಸುಮಾರು 14 ವ್ಯಾಟ್ ಶಾಖ ಉಗುರಿನಷ್ಟು ಜಾಗದಲ್ಲಿ ಒಂದೇ ಸಮನೆ ಹುಟ್ಟುತ್ತದೆ. ಬೇಸಿಗೆಯಲ್ಲಿ ಹೊರಗೇ 42 ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ, ಎಂಜಿನ್ನಿನ ಪಕ್ಕದ ಆ ಪ್ಲಾಸ್ಟಿಕ್ಕಿಗೆ ತಾಳಿಕೊಳ್ಳುವ ಶಕ್ತಿ ಇನ್ನೆಲ್ಲಿ ಉಳಿದೀತು?

ಇಂಥ ಸ್ಥಿತಿಯಲ್ಲಿ 30 ಆಂಪಿಯರಿನ ಹಸಿರು ಫ್ಯೂಸ್ ಹಾಕಿಬಿಡಿ ಎಂದು ಹೇಳುವವರು ಎಲ್ಲ ಕಡೆಯೂ ಸಿಗುತ್ತಾರೆ. ಸಡಿಲ ಕೂಡಿಕೆಯ ಬಿಸಿ ಅದರಿಂದ ಕಡಿಮೆಯಾಗುವುದಿಲ್ಲ. ಬದಲಾಗಿ, ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದಾಗ ಫ್ಯೂಸಿಗಿಂತ ಮೊದಲು ವೈರೇ ಉರಿಯುವಂತಾಗುತ್ತದೆ. ಫ್ಯೂಸ್ ಇರುವುದು ಲೈಟನ್ನು ಕಾಯಲು ಅಲ್ಲ, ವೈರನ್ನು ಕಾಯಲು. ಆ ಕಿಟ್ಟಿನ ವೈರೂ ಹಾಗೆಯೇ ಇತ್ತು. ಹೊರಗಿನ ರಬ್ಬರು ದಪ್ಪ, ಒಳಗಿನ ಎಳೆಗಳು ಕೆಲವೇ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಕೆಂಪು ಹೋಗಿ ಬಿಳುಪು ಕಂಡಿತು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅದು. ಶುದ್ಧ ತಾಮ್ರಕ್ಕೆ ಹೋಲಿಸಿದರೆ ಕರೆಂಟು ಹರಿಸುವ ಶಕ್ತಿ ಮೂರನೇ ಎರಡರಷ್ಟು ಮಾತ್ರ, ಒತ್ತಿ ಕೂಡಿಸಿದ ಜಾಗದಲ್ಲಿ ಕಾಲಕ್ರಮೇಣ ಸಡಿಲವಾಗುವ ಗುಣ ಬೇರೆ. ಹಣ ಕೊಟ್ಟವರಿಗೆ ಇಂಥ ವೈರನ್ನು ತಾಮ್ರವೆಂದು ಮಾರುವುದು ಅನ್ಯಾಯ.

ಬಿಡಿ ಸಾಮಾನಿನ ವೈರಿಂಗಿಗೆ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು, ಮುಚ್ಚಳವಿರುವ ಗಟ್ಟಿ ಫ್ಯೂಸ್ ಹೋಲ್ಡರ್, 25 ಆಂಪಿಯರಿನ ಫ್ಯೂಸ್, 40 ಆಂಪಿಯರಿನ ನಾಲ್ಕು ಕಾಲಿನ ರಿಲೇ ತಂದೆವು. 17 ಆಂಪಿಯರ್ ಸತತವಾಗಿ ಹರಿಯುವಲ್ಲಿ 20ರ ಫ್ಯೂಸ್ ತೀರ ಅಂಚಿನದು. 25ರದ್ದಕ್ಕೆ ಉಸಿರಾಡಲು ಜಾಗವಿದೆ, ಈ ವೈರು ಅಷ್ಟನ್ನು ನಿರಾತಂಕವಾಗಿ ಹೊರುತ್ತದೆ. ರಿಲೇಯ ಕಾಲುಗಳಿಗೆ ಬರೆದಿರುವ ಸಂಖ್ಯೆಯಂತೆ, 30ಕ್ಕೆ ಫ್ಯೂಸಿನಿಂದ ಬಂದ ವೈರು, 87ಕ್ಕೆ ಲೈಟು, 85 ಮತ್ತು 86 ಕಾಯಿಲಿನವು. ಕಾಯಿಲಿನ ಕರೆಂಟನ್ನು ಹೈಬೀಮಿನಿಂದ ಸ್ವಿಚ್ಚಿನ ಮೂಲಕ ಕೊಟ್ಟಿರುವುದರಿಂದ, ಎದುರಿಗೆ ಕಬ್ಬಿನ ಬಂಡಿ ಬಂದಾಗ ಡಿಪ್ ಮಾಡಿದರೆ ಈ ಲೈಟೂ ಕೂಡಲೇ ಆರುತ್ತದೆ. ರಿಲೇಯನ್ನು ನೀರು ನಿಲ್ಲದಂತೆ ಕಾಲು ಕೆಳಗಾಗಿ ಕೂಡಿಸಬೇಕು, ತಗಡಿನ ತೂತಿನಲ್ಲಿ ವೈರು ಹಾಯುವಲ್ಲಿ ರಬ್ಬರಿನ ಬುಷ್ ಇರಲೇಬೇಕು. ಅರ್ಥಿಂಗಿಗೆ ಬಂಪರಿನ ಬೋಲ್ಟನ್ನು ನೆಚ್ಚಿಕೊಳ್ಳದೆ, ಅಷ್ಟೇ ದಪ್ಪದ ವೈರನ್ನು ಬ್ಯಾಟರಿಯ ನೆಗೆಟಿವ್‌ವರೆಗೂ ಎಳೆಸಿದೆವು. ಬಣ್ಣ ಮತ್ತು ತುಕ್ಕಿನ ಮೇಲೆ ಕೊಟ್ಟ ಅರ್ಥು ಮಳೆಗಾಲದ ಕೆಸರಿಗೆ ಬಾಳುವುದಿಲ್ಲ.

ಎಲ್‌ಇಡಿ ಬಾರಿನ ಹೊರೆ ಕಡಿಮೆ, ಅದು ನಿಜ. ರಾಶಿಯ ಕಣದಲ್ಲಿ ಎಂಜಿನ್ ಆರಿಸಿ ಲೈಟು ಹಚ್ಚುವವರಿಗೆ ಅದೇ ಒಳ್ಳೆಯದು, ಏಕೆಂದರೆ ನಮ್ಮ ಹ್ಯಾಲೊಜೆನ್ ಜೋಡಿ 75 ಆಂಪಿಯರ್-ಅವರ್ ಬ್ಯಾಟರಿಯನ್ನು ಎರಡು ಗಂಟೆಯ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಸುತ್ತದೆ. ನಾವು ಎಂಜಿನ್ ಓಡುವಾಗ ಮಾತ್ರ ಹಚ್ಚುತ್ತೇವೆ, ಬಲ್ಬು ಹೋದರೆ ಸೇಡಂನಲ್ಲೇ ಸಿಗಬೇಕು, ಆದ್ದರಿಂದ ಹ್ಯಾಲೊಜೆನ್ನೇ ಇರಲಿ ಎಂದುಕೊಂಡೆವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮ ಮುಂಭಾಗದ ಸ್ಪಾಟ್‌ಲೈಟುಗಳನ್ನು ನಿರ್ಬಂಧಿಸುತ್ತದೆ. ಹೆಚ್ಚುವರಿ ಲೈಟಿಗೂ ದಂಡ ಬೀಳುವ ಸಂಭವವಿರುವುದರಿಂದ, ಹಾಕಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ನಾವಂತೂ ಡಾಂಬರು ರಸ್ತೆಗೆ ಬಂದೊಡನೆ ಆರಿಸಿ ಮುಚ್ಚಳ ಹಾಕುತ್ತೇವೆ.

ವರ್ಷಕ್ಕೆ ನಾಲ್ಕಾರು ಸಂಜೆ ಮಾತ್ರ ಲೈಟು ಬೇಕಾದವರು ಕಿಟ್ಟನ್ನೇ ಕೊಂಡು, ಹೋಲ್ಡರನ್ನು ಬದಲಿಸಿ, ಚಿಕ್ಕ ಎಲ್‌ಇಡಿ ಹಾಕಿಕೊಂಡರೆ ಸಾಕು. ನಮ್ಮಂತೆ ಇಡೀ ಸುಗ್ಗಿ ರಾತ್ರಿ ಓಡುವವರಿಗೆ ಬಿಡಿ ಸಾಮಾನಿನ ವೈರಿಂಗೇ ತಕ್ಕದ್ದು. ಖರ್ಚು ಕಿಟ್ಟಿನ ಸುಮಾರು ಎರಡು ಪಟ್ಟು, ಕೆಲಸ ಅರ್ಧ ದಿನದ್ದು. ಅರ್ಧ ಗಂಟೆ ಲೈಟು ಉರಿಸಿದ ಮೇಲೆ ಹೋಲ್ಡರನ್ನೂ ರಿಲೇಯನ್ನೂ ಮುಟ್ಟಿ ನೋಡಿ, ಬ್ಯಾಟರಿಗೂ ಬಲ್ಬಿಗೂ ನಡುವಿನ ವೋಲ್ಟೇಜಿನ ವ್ಯತ್ಯಾಸವನ್ನು ಮೀಟರಿನಲ್ಲಿ ಅಳೆದೇ ಎಲೆಕ್ಟ್ರಿಷಿಯನ್ನರಿಗೆ ಹಣ ಕೊಡಬೇಕು. ನಮ್ಮ ಗಾಡಿಯಲ್ಲಿ ಅದು ಅರ್ಧ ವೋಲ್ಟಿಗಿಂತ ಕಡಿಮೆ ಇದೆ.