ಅಡತಿ ಅಂಗಡಿಯ ಕಂಪ್ಯೂಟರಿಗೆ ಲಾಜರಸ್: ಹಲವು ವರ್ಷಗಳ ಬಳಕೆಯ ನಂತರ

ರಾಯಚೂರಿನ ರಾಜೇಂದ್ರ ಗಂಜ್‌ನ ಅಡತಿ ಅಂಗಡಿಗಳಿಗೂ ಸಿಂಧನೂರಿನ ಕಡೆಯ ಕೆಲವು ಅಕ್ಕಿ ಗಿರಣಿಗಳಿಗೂ ಲೆಕ್ಕದ ತಂತ್ರಾಂಶ ಬರೆದುಕೊಡುವುದು ನನ್ನ ವೃತ್ತಿ. ಇಂತಹ ತಂತ್ರಾಂಶಗಳನ್ನು ಕಟ್ಟಲು ನೆರವಾಗುವ ಲಾಜರಸ್ ಎಂಬ ಮುಕ್ತ ತಂತ್ರಾಂಶ ಸಾಧನವನ್ನು ಅದರ 1.8ನೇ ಆವೃತ್ತಿಯ ಕಾಲದಿಂದ ಬಳಸುತ್ತಿದ್ದೇನೆ. ಈ ವಿಮರ್ಶೆ ಆ ಬಳಕೆಯ ಮೇಲೆ ನಿಂತಿದೆ. ಪರದೆಯ ಮೇಲೆ ಮಾಹಿತಿ ತುಂಬುವ ಒಂದು ಫಾರ್ಮನ್ನು ಬೇಗ ಮೂಡಿಸಿಕೊಡುವ ಸಾಧನಗಳು ಇಂದು ಬೇಕಾದಷ್ಟಿವೆ. ಆದರೆ ಸುಗ್ಗಿಯ ದಿನಗಳಲ್ಲಿ ಹತ್ತಿ, ತೊಗರಿಯ ಗಾಡಿಗಳು ಸಾಲುಗಟ್ಟಿ ನಿಂತಿರುವಾಗ, ಅಂಗಡಿಯಲ್ಲಿ ಇರುವ ಹಳೆಯ ಕಂಪ್ಯೂಟರಿನ ಮೇಲೆಯೇ ತಡವರಿಸದೆ ನಡೆಯುವ ತಂತ್ರಾಂಶವನ್ನು ಕಟ್ಟಿಕೊಡುವ ಸಾಧನ ಯಾವುದು ಎಂಬುದೇ ನನ್ನ ಮಟ್ಟಿಗೆ ಆಯ್ಕೆಯ ಮುಖ್ಯ ಪ್ರಶ್ನೆ.

ಗಂಜ್‌ನ ಅನೇಕ ಅಂಗಡಿಗಳಲ್ಲಿ ಇಂದಿಗೂ ವಿಂಡೋಸ್ 7 ಇರುವ, 2 ಜಿಬಿ ರ‍್ಯಾಮ್‌ನ ಕಂಪ್ಯೂಟರುಗಳಿವೆ. ಕೆಲಸ ಮಾಡುತ್ತಿರುವ ಯಂತ್ರವನ್ನು ತೆಗೆದುಹಾಕಿ ಎಂದು ಸಾವ್ಕಾರರಿಗೆ ಹೇಳುವುದು ನನಗೆ ಸರಿಯೆನಿಸುವುದಿಲ್ಲ. ಈ ಒಂದು ಕಾರಣದಿಂದಲೇ ಹೆಸರಾಂತ ಸಾಧನಗಳು ಒಂದೊಂದಾಗಿ ಪಟ್ಟಿಯಿಂದ ಹೊರಬೀಳುತ್ತವೆ. ವೆಬ್ ಪುಟದ ತಂತ್ರವನ್ನೇ ಬಳಸುವ ಎಲೆಕ್ಟ್ರಾನ್‌ನಲ್ಲಿ ಕಟ್ಟಿದ ಪ್ರತಿಯೊಂದು ತಂತ್ರಾಂಶವೂ ತನ್ನದೇ ಒಂದು ಕ್ರೋಮಿಯಂ ಬ್ರೌಸರನ್ನು ಹೊತ್ತುಕೊಂಡು ಬರುತ್ತದೆ, ಹಳೆಯ ಯಂತ್ರಕ್ಕೆ ಅದು ಭಾರ. ಮೇಲಾಗಿ 2023ರಲ್ಲಿ ಬಂದ ಅದರ 23ನೇ ಆವೃತ್ತಿಯಿಂದ ವಿಂಡೋಸ್ 7ಕ್ಕೆ ಬೆಂಬಲವಿಲ್ಲ. ಪೈಥಾನ್ ಭಾಷೆಯ 3.9 ಮತ್ತು ನಂತರದ ಆವೃತ್ತಿಗಳೂ ವಿಂಡೋಸ್ 7ರ ಮೇಲೆ ನಡೆಯುವುದಿಲ್ಲ. ಪರದೆಗಳನ್ನು ಕಟ್ಟುವ ಕ್ಯೂಟಿ ಸಂಗ್ರಹ ಬಹಳ ಸಮರ್ಥವಾದದ್ದು, ಆದರೆ ಕ್ಯೂಟಿ 6ಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಬೇಸಿಕ್ ಬಗೆಯ ಭಾಷೆಯ ಗಂಬಾಸ್ ಕಲಿಯಲು ಬಹಳ ಸುಲಭ, ಆದರೆ ಅದು ಲಿನಕ್ಸ್‌ನವರಿಗಾಗಿ ಇರುವಂಥದ್ದು. ಲಿಬ್ರೆಆಫೀಸ್‌ನ ದತ್ತಾಂಶ ಸಾಧನವಾದ ಬೇಸ್ ಒಬ್ಬರೇ ಇಟ್ಟುಕೊಳ್ಳುವ ಸಣ್ಣ ದಾಖಲೆಗೆ ಸಾಕು, ಅಂಗಡಿಯ ವಹಿವಾಟಿಗೆ ಸಾಲದು.

ಲಾಜರಸ್‌ನ ಬೆನ್ನಿಗಿರುವುದು, ಪ್ಯಾಸ್ಕಲ್ ಭಾಷೆಯಲ್ಲಿ ಬರೆದ ಕೋಡನ್ನು ಯಂತ್ರಭಾಷೆಗೆ ಇಳಿಸುವ ಫ್ರೀ ಪ್ಯಾಸ್ಕಲ್ ಕಂಪೈಲರ್. ಕಂಪೈಲರ್‌ನ ಕೆಲಸ 1993ರಲ್ಲಿ, ಲಾಜರಸ್‌ನ ಕೆಲಸ 1999ರಲ್ಲಿ ಆರಂಭವಾಯಿತು. ಇದೇ ಬಗೆಯ ಹಳೆಯ ಸಾಧನವಾದ ಡೆಲ್ಫಿ ಬಳಸಿದವರಿಗೆ ಇಲ್ಲಿ ಎಲ್ಲವೂ ಪರಿಚಿತ: ಬಟನ್ನನ್ನೋ ಗ್ರಿಡ್ಡನ್ನೋ ಫಾರ್ಮಿನ ಮೇಲೆ ಇಡಬೇಕು, ಪಕ್ಕದ ಕಿಟಕಿಯಲ್ಲಿ ಅದರ ಗುಣಗಳನ್ನು ತುಂಬಬೇಕು, ಎರಡು ಸಲ ಕ್ಲಿಕ್ ಮಾಡಿ ಕೋಡ್ ಬರೆಯಬೇಕು. ಕೊನೆಗೆ ಸಿಗುವುದು ಯಂತ್ರಭಾಷೆಗೆ ಇಳಿದ ಒಂದೇ ಕಡತ. ಅದನ್ನೂ, ಲೆಕ್ಕದ ದತ್ತಾಂಶವನ್ನು ಉಳಿಸಿಡುವ ಎಸ್‌ಕ್ಯೂಲೈಟ್‌ನ ಡಿಎಲ್‌ಎಲ್ ಕಡತವನ್ನೂ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯ ಕಂಪ್ಯೂಟರಿಗೆ ನಕಲು ಮಾಡಿದರೆ ಮುಗಿಯಿತು. ಬೇರೇನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಇಂಟರ್ನೆಟ್ಟೂ ಬೇಡ. ತಪ್ಪು ಹುಡುಕಲು ನೆರವಾಗುವ ಡೀಬಗ್ ಮಾಹಿತಿಯನ್ನು ತೆಗೆದುಹಾಕಿ ಕಂಪೈಲ್ ಮಾಡಿದರೆ ಕಡತದ ಗಾತ್ರ ಕೆಲವೇ ಎಂಬಿಗೆ ಇಳಿಯುತ್ತದೆ.

ರೈತರಿಗೆ ಕೊಡುವ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಬರೆಯುವ ಪರದೆಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಗುಮಾಸ್ತರು ಮೌಸ್ ಮುಟ್ಟುವುದಿಲ್ಲ. ರೈತನ ಹೆಸರು, ಊರು, ಚೀಲ, ತೂಕ, ದರ, ಹಮಾಲಿ ಎಂದು ಎಂಟರ್ ಕೀಲಿ ಒತ್ತುತ್ತಲೇ ಮುಂದಿನ ಖಾನೆಗೆ ಹೋಗಬೇಕೆಂಬುದು ಅವರ ಒತ್ತಾಯ, ಮತ್ತು ಅದು ನ್ಯಾಯವಾದದ್ದು. ಲಾಜರಸ್‌ನಲ್ಲಿ ಒತ್ತಿದ ಕೀಲಿಯನ್ನು ಮೊದಲು ಫಾರ್ಮೇ ನೋಡುವಂತೆ ಮಾಡುವ ಕೀಪ್ರಿವ್ಯೂ ಗುಣವನ್ನು ಚಾಲೂ ಮಾಡಿ, ಎಂಟರ್ ಒತ್ತಿದಾಗ ಸೆಲೆಕ್ಟ್‌ನೆಕ್ಸ್ಟ್ ಅನ್ನು ಕರೆಯುವ ಎರಡು ಮೂರು ಸಾಲು ಬರೆದರೆ ಇಡೀ ಪರದೆಗೆ ಆ ನಡತೆ ಬರುತ್ತದೆ. ಎಲೆಕ್ಟ್ರಾನಿಕ್ ಕಾಟಾದ ತೂಕ ಸೀರಿಯಲ್ ಕೇಬಲ್ಲಿನ ಮೂಲಕ ನೇರವಾಗಿ ತೂಕದ ಖಾನೆಗೆ ಬಂದು ಕೂರುವಂತೆ ಮಾಡಲು ಸಿನಾಪ್ಸ್ ಸಂಗ್ರಹದ ಸಿನಾಸರ್ ಎಂಬ ಉಚಿತ ಯೂನಿಟ್ ಇದೆ. ಕೈಯಿಂದ ತೂಕ ಬರೆಯುವುದು ತಪ್ಪಿದ್ದರಿಂದ ರೈತನಿಗೂ ಅಂಗಡಿಗೂ ಆಗುತ್ತಿದ್ದ ತಕರಾರು ಬಹಳ ಕಡಿಮೆಯಾಗಿದೆ, ಇದಕ್ಕಾಗಿ ನಾನು ಈ ಸಾಧನಕ್ಕೆ ಋಣಿ.

ಹಣದ ಲೆಕ್ಕಕ್ಕೆ ಪ್ಯಾಸ್ಕಲ್‌ನಲ್ಲಿ ಕರೆನ್ಸಿ ಎಂಬ ಪ್ರತ್ಯೇಕ ಬಗೆ ಇದೆ. ಅದು ನಾಲ್ಕು ದಶಮಾಂಶ ಸ್ಥಾನಗಳವರೆಗೆ ಸ್ಥಿರವಾಗಿ ನಿಲ್ಲುತ್ತದೆ, ಹಾಗಾಗಿ ಪಟ್ಟಿಯ ಮೊತ್ತದಲ್ಲಿ ಪೈಸೆಗಳು ಅತ್ತಿತ್ತ ಆಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಎಸ್‌ಕ್ಯೂಲೈಟ್‌ನಲ್ಲಿ ಅಂತಹ ದಶಮಾಂಶದ ಬಗೆ ಇಲ್ಲದ ಕಾರಣ, ಮೊತ್ತವನ್ನು ಪೈಸೆಯಾಗಿ ಪರಿವರ್ತಿಸಿ ಪೂರ್ಣಾಂಕದಲ್ಲಿ ಉಳಿಸಬೇಕು. ಪಟ್ಟಿಯ ಎಲ್ಲ ಸಾಲುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಉಳಿದರೆ ಎಲ್ಲವೂ ಇಲ್ಲವಾದರೆ ಯಾವುದೂ ಇಲ್ಲ ಎಂಬಂತೆ, ಬರೆದರೆ, ನಡುವೆ ಕರೆಂಟ್ ಹೋದರೂ ಅರ್ಧ ಪಟ್ಟಿ ಉಳಿಯುವ ಭಯವಿಲ್ಲ.

ಕನ್ನಡದ ವಿಷಯದಲ್ಲಿ ನನ್ನ ತಕರಾರುಗಳಿವೆ. ಫಾರ್ಮಿನ ಮೇಲೆ ಕನ್ನಡ ಚೆನ್ನಾಗಿಯೇ ಮೂಡುತ್ತದೆ, ಏಕೆಂದರೆ ಅಲ್ಲಿ ಅಕ್ಷರಗಳನ್ನು ಜೋಡಿಸುವುದು ವಿಂಡೋಸ್. ಕೋಡ್ ಬರೆಯುವ ಎಡಿಟರ್ ಮಾತ್ರ ಪ್ರತಿ ಅಕ್ಷರಕ್ಕೂ ಸಮಾನ ಅಗಲವನ್ನು ಎಣಿಸುವುದರಿಂದ, ಅದರಲ್ಲಿ ಕನ್ನಡದ ಸಾಲುಗಳು ಚೆಲ್ಲಾಪಿಲ್ಲಿಯಾಗಿ, ಕರ್ಸರ್ ಎಲ್ಲಿದೆ ಎಂಬುದೇ ತಿಳಿಯದಂತಾಗುತ್ತದೆ. ಆದ್ದರಿಂದ ಕನ್ನಡದ ಮಾತುಗಳನ್ನೆಲ್ಲ ಅನುವಾದದ ಪಿಒ ಕಡತದಲ್ಲಿ ಇಡುವುದೇ ಒಳ್ಳೆಯದು. ಆ ಸೌಲಭ್ಯ ಲಾಜರಸ್‌ನಲ್ಲೇ ಇದೆ. ಇದಕ್ಕಿಂತ ದೊಡ್ಡ ತೊಂದರೆ ಪಿಡಿಎಫ್‌ನದು. ಫ್ರೀ ಪ್ಯಾಸ್ಕಲ್‌ನ ಸ್ವಂತ ಪಿಡಿಎಫ್ ಸಂಗ್ರಹಕ್ಕೆ ಒತ್ತಕ್ಷರ ಜೋಡಿಸುವ ಶಕ್ತಿಯಿಲ್ಲ. ‘ಮಲ್ಲಪ್ಪ’ ಎಂಬ ಹೆಸರು ‘ಮಲ್‌ಲಪ್‌ಪ’ ಎಂದು ಒಡೆದು ಬರುತ್ತದೆ. ತನ್ನ ಹೆಸರನ್ನು ಹೀಗೆ ಮುರಿದು ಅಚ್ಚು ಹಾಕಿದ ಚೀಟಿಯನ್ನು ಯಾವ ರೈತನ ಕೈಗೂ ಕೊಡಬಾರದು. ಪ್ರಿಂಟರಿನ ದಾರಿಯಲ್ಲಿ ಅಚ್ಚು ಹಾಕಿದರೆ ಒತ್ತಕ್ಷರ ಸರಿಯಾಗಿ ಬರುತ್ತದೆ. ವಿಂಡೋಸ್ 10ರಲ್ಲಿ ಜೊತೆಗೇ ಬರುವ ಪಿಡಿಎಫ್ ಪ್ರಿಂಟರನ್ನು ಆರಿಸಿದರೆ ಪಿಡಿಎಫ್ ಕೂಡ ಚೆನ್ನಾಗಿ ಸಿಗುತ್ತದೆ. ವಿಂಡೋಸ್ 7ರಲ್ಲಿ ಆ ಪ್ರಿಂಟರ್ ಇಲ್ಲದಿರುವುದರಿಂದ ಅಂತಹ ಅಂಗಡಿಗಳಿಗೆ ಕಾಗದದ ಪಟ್ಟಿಯನ್ನಷ್ಟೇ ಕೊಡುತ್ತಿದ್ದೇನೆ.

ಪ್ಯಾಸ್ಕಲ್ ಬಲ್ಲ ಹುಡುಗರು ನಮ್ಮ ಕಡೆ ಸಿಗುವುದು ಕಷ್ಟ. ಕಾಲೇಜಿನಿಂದ ಬರುವವರು ಪೈಥಾನ್, ಜಾವಾ ಕಲಿತಿರುತ್ತಾರೆ. ಭಾಷೆ ಸ್ಪಷ್ಟವಾಗಿರುವುದರಿಂದ ಬೇಗ ಹಿಡಿತಕ್ಕೆ ಬರುತ್ತದೆ, ಆದರೆ ಕಲಿಸುವ ಹೊಣೆ ನಮ್ಮದೇ. ದಾಖಲೆಗಳೂ ಎಲ್ಲ ಕಡೆ ಒಂದೇ ಮಟ್ಟದಲ್ಲಿಲ್ಲ, ಕೆಲವೆಡೆ ಮೂಲ ಕೋಡನ್ನೇ ಓದಿ ತಿಳಿಯಬೇಕು. ಫೋನಿನಲ್ಲೂ ಲೆಕ್ಕ ನೋಡಬೇಕೆನ್ನುವ ಸಾವ್ಕಾರರಿಗೆ ಲಾಜರಸ್ ಒಂದನ್ನೇ ನಂಬಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಪರವಾನಗಿಯ ವಿಷಯದಲ್ಲಿ ಆತಂಕ ಬೇಡ: ಲಾಜರಸ್‌ನ ಘಟಕ ಸಂಗ್ರಹ ಬದಲಾಯಿಸಿದ ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿರುವುದರಿಂದ, ಅದರಲ್ಲಿ ಕಟ್ಟಿದ ತಂತ್ರಾಂಶವನ್ನು ಮೂಲ ಕೋಡ್ ಕೊಡದೆಯೂ ಮಾರಬಹುದು.

ಲಾಜರಸ್‌ನ ಆವೃತ್ತಿಗಳಲ್ಲಿ 2023ರ ಡಿಸೆಂಬರಿನಲ್ಲಿ 3.0, 2025ರ ಮೇ ತಿಂಗಳಿನಲ್ಲಿ 4.0 ಬಂದವು. 1.8ರ ಕಾಲದಲ್ಲಿ ಬರೆದ ನನ್ನ ಅಡತಿ ತಂತ್ರಾಂಶವು ಅಲ್ಪಸ್ವಲ್ಪ ತಿದ್ದುಪಡಿಯೊಂದಿಗೆ ಹೊಸದರಲ್ಲಿಯೂ ಕಂಪೈಲ್ ಆಗುತ್ತದೆ. ಹೊಸ ಆವೃತ್ತಿಯಲ್ಲಿ ಉಳಿಸಿದ ಫಾರ್ಮ್ ಮಾತ್ರ ಹಳೆಯದರಲ್ಲಿ ತೆರೆಯದೆ ಹೋಗಬಹುದು. ಹಾಗಾಗಿ ಆವೃತ್ತಿ ಬದಲಿಸುವವರು ಹೊಸದನ್ನು ಬೇರೆ ಫೋಲ್ಡರಿನಲ್ಲಿ, ಬೇರೆ ಸಂರಚನೆಯೊಂದಿಗೆ ಹಾಕಿಕೊಂಡು, ಯೋಜನೆಯ ನಕಲಿನ ಮೇಲೆ ಪರೀಕ್ಷೆ ಮಾಡಬೇಕು. ಅದನ್ನೂ ಹತ್ತಿಯ ಹಂಗಾಮು ಮುಗಿದು ಗಂಜ್‌ನಲ್ಲಿ ಆವಕ ಇಳಿದ ಮೇಲೆ ಮಾಡುವುದು ಒಳಿತು.