ಒಂಬತ್ತು ವರ್ಷ, ಎರಡು ಸಲ ಸಿಇಒ ಬದಲಾವಣೆ: ನಮ್ಮ ಆಫೀಸಿಗೆ ಐದಕ್ಕೆ ಮೂರು

ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಒಂಬತ್ತು ವರ್ಷ ಟೆಸ್ಟಿಂಗ್ ಕೆಲಸ ಮಾಡಿ ಹೊರಬಂದಿದ್ದೇನೆ. ಹೆಸರು ಬರೆಯುವುದಿಲ್ಲ, ಗೆಳೆಯರು ಇನ್ನೂ ಅಲ್ಲೇ ಇದ್ದಾರೆ.

ಸಂಬಳ ಒಂದು ದಿನವೂ ತಡವಾಗಲಿಲ್ಲ. ಕ್ಯಾಂಟೀನ್ ಪರವಾಗಿಲ್ಲ. ಓಡಾಟಕ್ಕೆ 2025ರ ಆಗಸ್ಟ್‌ನಿಂದ ಹಳದಿ ಮೆಟ್ರೊ ಇದೆ.

ಹಳೇ ಸಿಇಒ ಹೋದದ್ದು ನಮಗೆ ಗೊತ್ತಾಗಿದ್ದು ಆಫೀಸ್ ಬಸ್ಸಿನಲ್ಲಿ, ಮೊಬೈಲ್ ಸುದ್ದಿ ನೋಡಿ. ಕಂಪನಿಯ ಮೇಲ್ ಬಂದಿದ್ದು ಮಧ್ಯಾಹ್ನ ಊಟ ಮುಗಿದ ಮೇಲೆ. ಸಿಲ್ಕ್ ಬೋರ್ಡ್ ದಾಟುವಾಗ ಬಸ್ಸಿನಲ್ಲಿ ಒಬ್ಬರ ಬಾಯಲ್ಲೂ ಮಾತಿರಲಿಲ್ಲ. ಹೊಸಬರು ಬಂದರು. ಟೌನ್ ಹಾಲ್‌ನಲ್ಲಿ (ಎಲ್ಲ ಉದ್ಯೋಗಿಗಳ ಸಭೆ) ಯಾರ ಕೆಲಸಕ್ಕೂ ತೊಂದರೆ ಇಲ್ಲ ಎಂದರು. ಮೂರೇ ತಿಂಗಳಲ್ಲಿ ನಮ್ಮ ಪ್ರಾಜೆಕ್ಟ್ ಮುಚ್ಚಿತು, 14 ಜನ ಬೆಂಚ್‌ಗೆ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕಾಯುವ ಸ್ಥಿತಿಗೆ, ಬಂದೆವು.

ಆಮೇಲಿನ ಎರಡು ವರ್ಷದಲ್ಲಿ ನನಗೆ ನಾಲ್ವರು ಮ್ಯಾನೇಜರ್‌ಗಳು. ಒಬ್ಬೊಬ್ಬರಿಗೂ ನನ್ನ ಕೆಲಸ ಏನು ಅಂತ ಮೊದಲಿಂದ ಹೇಳಬೇಕು. ಒಂದು ವರ್ಷ ನನಗೆ ರೇಟಿಂಗ್ ಕೊಟ್ಟವರು ನನ್ನ ಜೊತೆ ಆರು ವಾರವೂ ಕೆಲಸ ಮಾಡಿರಲಿಲ್ಲ. ಸಂಬಳದ ಹೈಕ್ ಕಡಿಮೆಯಾಗಿದ್ದಕ್ಕಿಂತ ಇದೇ ಜಾಸ್ತಿ ನೋಯಿಸಿತು. ರಾತ್ರಿಯೆಲ್ಲ ಕೂತು ರಿಲೀಸ್ ಮುಗಿಸಿದ್ದು ಯಾರಿಗೂ ನೆನಪಿಲ್ಲ ಅಂದ್ರೆ ಹೇಗೆ?

ಮೇಲಿನವರು ಬದಲಾಗಲೇಬಾರದು ಅಂತಲ್ಲ. 2017ರ ಆಗಸ್ಟ್ 18ರಂದು ವಿಶಾಲ್ ಸಿಕ್ಕಾ ಇನ್ಫೋಸಿಸ್ ಸಿಇಒ ಹುದ್ದೆ ಬಿಟ್ಟರು. ಆರೇ ದಿನದಲ್ಲಿ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬಂದರು. 2018ರ ಜನವರಿಯಲ್ಲಿ ಸಲೀಲ್ ಪಾರೇಖ್ ಸಿಇಒ ಆದರು. ಮನೆಗೆ ಹಿರಿಯರು ಯಾರು ಅನ್ನುವುದು ಹೊರಗಿದ್ದ ನಮಗೂ ಕಾಣುತ್ತಿತ್ತು. ನಮ್ಮಲ್ಲಿ ಎರಡನೇ ಸಲ ಸಿಇಒ ಹೋದಾಗ ಏಳು ತಿಂಗಳು ಆ ಜಾಗ ಖಾಲಿ. ಪ್ರಮೋಷನ್ ನಿಂತಿತು. ಹೊಸ ಟೂಲ್ ಬೇಕೆಂದರೂ 'ಹೊಸಬರು ಬರಲಿ' ಎಂಬ ಉತ್ತರ. ಚೆನ್ನಾಗಿ ಕೆಲಸ ಗೊತ್ತಿದ್ದವರೇ ಮೊದಲು ಪೇಪರ್ ಹಾಕಿದರು, ಅಂದರೆ ರಾಜೀನಾಮೆ ಕೊಟ್ಟರು. ಅವರ 90 ದಿನದ ನೋಟಿಸ್ ಮುಗಿಯುವ ಹೊತ್ತಿಗೆ ವಾರಕ್ಕೊಂದು ಬೀಳ್ಕೊಡುಗೆ ಕೇಕ್.

ಆ ಏಳು ತಿಂಗಳು ನನ್ನನ್ನು ಉಳಿಸಿದ್ದು ನಾಲ್ಕನೇ ಮ್ಯಾನೇಜರ್ ಮೇಡಂ. ಪ್ರತಿ ಶುಕ್ರವಾರ ಸಂಜೆ ನಮ್ಮನ್ನೆಲ್ಲ ಗೇಟಿನಾಚೆ ಟೀಗೆ ಕರೆದುಕೊಂಡು ಹೋಗುತ್ತಿದ್ದರು. ಗೊತ್ತಿದ್ದದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. ಗೊತ್ತಿಲ್ಲದ್ದಕ್ಕೆ "ನನಗೂ ಗೊತ್ತಿಲ್ಲ ಕಣ್ರಪ್ಪ, ಸುಮ್ನೆ ಧೈರ್ಯ ಹೇಳಲ್ಲ" ಎನ್ನುತ್ತಿದ್ದರು. ಅವರ ಟೀಮಿನಿಂದ ಆ ವರ್ಷ ಒಬ್ಬರೂ ಬಿಟ್ಟು ಹೋಗಲಿಲ್ಲ. ನಾನು ಕೊಟ್ಟ ಮೂರರಲ್ಲಿ ಒಂದು ಅಂಕ ಪೂರ್ತಿ ಅವರದ್ದು.

ಇಲ್ಲಿಗೆ ಸೇರುವವರು ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇದನ್ನೂ ಕೇಳಿ: ಈ ಟೀಮಿಗೆ ಕಳೆದ ಎರಡು ವರ್ಷದಲ್ಲಿ ಎಷ್ಟು ಜನ ಮ್ಯಾನೇಜರ್ ಬಂದು ಹೋದರು?